ಎಂಜಿನ್ನಿಗೂ ಕನ್ನಡಕ್ಕೂ ಏನು ಸಂಬಂಧ?

ಕಳೆದೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳಿದವರು ಒಬ್ಬಿಬ್ಬರಲ್ಲ. ಕೇಳಿದವರೆಲ್ಲ ಪುಣೆಯಲ್ಲಿ ಮೂವತ್ತು ನಲವತ್ತು ವರ್ಷದಿಂದ ಕನ್ನಡದ ಕೆಲಸಕ್ಕೆ ಹೆಗಲು ಕೊಟ್ಟವರು. ಅವರ ಬಗ್ಗೆ ನನಗೆ ಗೌರವವಿದೆ, ಅವರ ಪ್ರಶ್ನೆಯ ಬಗ್ಗೆ ಇಲ್ಲ. ಬಾಯಿಮಾತಿನಲ್ಲಿ ಉತ್ತರ ಕೊಟ್ಟರೆ ಜಗಳವಾಗುತ್ತದೆ, ಆದ್ದರಿಂದ ಬರೆದೇ ಹೇಳುತ್ತಿದ್ದೇನೆ.

ಸಂಗತಿ ಇಷ್ಟು. ಕಾರಿನ ಎಂಜಿನ್ನನ್ನು ಡೈನಮೋಮೀಟರ್ ಎಂಬ ಯಂತ್ರದ ಮೇಲೆ ಓಡಿಸಿ, ಅದರ ಶಕ್ತಿಯನ್ನು ಅಳೆದು, ಹದಗೊಳಿಸುವ ವಿದ್ಯೆ ಒಂದಿದೆ. ಗ್ಯಾರೇಜಿನವರು ಅದಕ್ಕೆ ಡೈನೋ ಟ್ಯೂನಿಂಗ್ ಅನ್ನುತ್ತಾರೆ. ಅದನ್ನು ಕಲಿಸುವ ಮೂರು ದಿನದ ಕಾರ್ಯಾಗಾರಕ್ಕೆ ಅರವತ್ತಾರರ ವಯಸ್ಸಿನಲ್ಲಿ ಫೀ ಕಟ್ಟಿ ಹೋಗಿ ಬಂದೆ. ಬಂದ ಮೇಲೆ, ಇಲ್ಲಿಯ ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರಿಗೆ ಕಲಿತಷ್ಟನ್ನು ಕನ್ನಡದಲ್ಲಿ ಹೇಳಿಕೊಡೋಣವೆಂದು ನಾನು ಸದಸ್ಯನಾಗಿರುವ ಕನ್ನಡ ಸಂಘವೊಂದರ ಸಭಾಂಗಣವನ್ನು ನಾಲ್ಕು ಭಾನುವಾರದ ಮಟ್ಟಿಗೆ ಕೇಳಿದೆ. ಕೊಡಲಿಲ್ಲ. ಸಭಾಂಗಣ ಅವರದು, ಕೊಡುವುದು ಬಿಡುವುದು ಅವರಿಷ್ಟ. ಆದರೆ ಕೊಟ್ಟ ಕಾರಣಗಳನ್ನು ನೋಡಿ. ಒಂದು, ನೆಲಕ್ಕೆ ಎಣ್ಣೆ ಹತ್ತುತ್ತದೆ. ಎರಡು, ಸಂಘದ ಬೈಲಾದಲ್ಲಿ ಸಾಹಿತ್ಯ, ಸಂಗೀತ, ಸಂಸ್ಕೃತಿ ಎಂದು ಬರೆದಿದೆ, ಎಂಜಿನ್ ಎಂದು ಬರೆದಿಲ್ಲ. ಮೂರನೆಯದನ್ನು ದನಿ ತಗ್ಗಿಸಿ ಹೇಳಿದರು: "ಎಂಥೆಂಥವರು ಬರತಾರೋ ಏನೋ, ನಮ್ಮ ಹೆಣ್ಣುಮಕ್ಕಳು ಭಜನಿಗೆ ಬಂದಿರ್ತಾರ." ಮೊದಲಿನ ಎರಡನ್ನು ನಾನು ಮರೆಯಬಲ್ಲೆ. ಈ ಮೂರನೆಯದು ಇದೆಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ.

ನಾನು ಗದಗ ಕಡೆಯವನು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮಾಡಿ 1982ರಲ್ಲಿ ಬ್ಯಾಂಕು ಸೇರಿದೆ. ಆ ಬ್ಯಾಂಕಿನ ಹೆಸರು ಈಗ ಬೋರ್ಡುಗಳ ಮೇಲೆ ಇಲ್ಲ, ವಿಲೀನದಲ್ಲಿ ಕರಗಿತು. ರೋಣ ತಾಲೂಕಿನ ಹಳ್ಳಿ ಶಾಖೆಯಿಂದ ಶುರುಮಾಡಿ, ಕೊಲ್ಲಾಪುರ, ಮುಂಬಯಿ ಸುತ್ತಿ, ಪುಣೆಗೆ ಬಂದು ಇಲ್ಲೇ ನಿವೃತ್ತನಾದೆ. ಕೊನೆಯ ಹನ್ನೊಂದು ವರ್ಷ ಪಿಂಪ್ರಿ, ಚಿಂಚವಡ, ಭೋಸರಿ ಕಡೆಯ ಸಣ್ಣ ಕೈಗಾರಿಕೆಗಳ ಸಾಲದ ಕಡತ ನನ್ನ ಮೇಜಿನ ಮೇಲೆ ಇರುತ್ತಿದ್ದವು. ಟಾಟಾ ಮೋಟರ್ಸ್, ಬಜಾಜ್ ಕಾರ್ಖಾನೆಗಳ ನೆರಳಿನಲ್ಲಿ ಬೆಳೆದ ಊರುಗಳು ಅವು. ಗಲ್ಲಿಗೆ ಹತ್ತು ಲೇಥ್ ಯಂತ್ರ. ಯಂತ್ರಗಳ ಕೊಟೇಶನ್ನುಗಳಲ್ಲಿ ಡೈನಮೋಮೀಟರ್ ಎಂಬ ಪದವೂ ಆಗಾಗ ಬರುತ್ತಿತ್ತು. ಬೆಲೆ, ಮಾರ್ಜಿನ್, ಕಂತು, ವಿಮೆ ಎಲ್ಲ ನೋಡುವುದು ನನ್ನ ಕೆಲಸವಾಗಿತ್ತು. ಆ ಯಂತ್ರ ನಿಂತು ಏನು ಮಾಡುತ್ತದೆ ಎಂದು ನೋಡುವ ಪುರಸತ್ತು ಸಿಕ್ಕದ್ದು ನಿವೃತ್ತಿಯ ನಂತರ. ಹದಿನೆಂಟು ಸಾವಿರ ರೂಪಾಯಿ ಫೀ ಎಂದಾಗ ನಮ್ಮ ಮನೆಯವಳು, "ಅಷ್ಟ ರೊಕ್ಕದಾಗ ಇಬ್ಬರೂ ಕಾಶಿಗೆ ಹೋಗಿ ಬರತಿದ್ವಿ" ಅಂದಳು. ಕಾಶಿ ಎಲ್ಲಿಗೂ ಹೋಗುವುದಿಲ್ಲ ಎಂದೆ.

ಕಾರ್ಯಾಗಾರ ನಡೆದದ್ದು ಊರ ಹೊರಗೆ, ಚಾಕಣ ಕಡೆಯ ಒಂದು ತಗಡಿನ ಶೆಡ್ಡಿನಲ್ಲಿ. ನೆಲದಲ್ಲಿ ಗುಂಡಿ, ಗುಂಡಿಯಲ್ಲಿ ಎರಡು ದಪ್ಪ ಉಕ್ಕಿನ ರೋಲರು. ಕಾರಿನ ಎಳೆಯುವ ಚಕ್ರಗಳನ್ನು ರೋಲರಿನ ಮೇಲೆ ನಿಲ್ಲಿಸಿ, ಬೆಲ್ಟುಗಳಿಂದ ಕಾರನ್ನು ನಾಲ್ಕೂ ಕಡೆ ಬಿಗಿದು, ಮುಂದೆ ಆಳೆತ್ತರದ ಫ್ಯಾನು ಇಡುತ್ತಾರೆ. ರಸ್ತೆಯಲ್ಲಿ ಸಿಗುವ ಗಾಳಿ ಇಲ್ಲಿ ಸಿಗುವುದಿಲ್ಲವಲ್ಲ, ಎಂಜಿನ್ ಕಾದುಹೋಗುತ್ತದೆ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ ಪೂರ್ತಿ ಆಕ್ಸಿಲರೇಟರ್ ಒತ್ತುತ್ತಾರೆ. ನಾಲ್ಕನೆಯದೇ ಏಕೆಂದರೆ ಬಹಳ ಕಾರುಗಳಲ್ಲಿ ಆ ಗೇರಿನಲ್ಲಿ ಎಂಜಿನ್ನಿನ ಸುತ್ತು ಮತ್ತು ಗೇರ್‌ಬಾಕ್ಸಿನಿಂದ ಹೊರಬರುವ ಸುತ್ತು ಹೆಚ್ಚುಕಡಿಮೆ ಒಂದೇ ಇರುತ್ತದೆ. ಕಾರು ನಿಂತಲ್ಲೇ ನಿಂತು ನೂರಕ್ಕೂ ಮೇಲಿನ ವೇಗದಲ್ಲಿ ಓಡುತ್ತದೆ. ಸದ್ದಿಗೆ ಎದೆ ನಡುಗುತ್ತದೆ. ಹದಿನೈದು ಇಪ್ಪತ್ತು ಸೆಕೆಂಡಿನ ಆಟ. ಕಂಪ್ಯೂಟರಿನ ಪರದೆಯ ಮೇಲೆ ಎರಡು ಗೆರೆ ಮೂಡುತ್ತವೆ: ಒಂದು ಟಾರ್ಕು, ಇನ್ನೊಂದು ಹಾರ್ಸ್‌ಪವರ್.

ನಮ್ಮ ತಂಡದಲ್ಲಿ ಹನ್ನೊಂದು ಜನ. ಆರು ಮಂದಿ ಸಾಫ್ಟ್‌ವೇರಿನ ಹುಡುಗರು, ದುಬಾರಿ ಕಾರಿನವರು. ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಒಬ್ಬ ಗ್ಯಾರೇಜ್ ಮಾಲೀಕನ ಮಗ, ನಾನು, ಮತ್ತೆ ಒಬ್ಬ ಇಪ್ಪತ್ಮೂರರ ಹುಡುಗ. ಮಾಲೀಕ ಫೀ ಕಟ್ಟಿ ಕಳಿಸಿದ್ದ. ಹಿಂದಿನ ಕುರ್ಚಿಯಲ್ಲಿ ಕೂತು, ಕಲಿಸುವವರು ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಿದ್ದ. ಪಾಠ ಇಂಗ್ಲಿಷಿನಲ್ಲಿ, ತಮಾಷೆ ಹಿಂದಿಯಲ್ಲಿ, ಬೈಗುಳ ಮರಾಠಿಯಲ್ಲಿ. ಕಲಿಸಿದವರು ವಿಷಯ ಬಲ್ಲವರು, ಅದರಲ್ಲಿ ಎರಡು ಮಾತಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಆ ಹುಡುಗ ಖಡಕ್ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಕೊಂಡಿದ್ದ. ಇನ್ನು ಊರು ಕೇಳಬೇಕೇ? ಇಂಡಿ ತಾಲೂಕು, ವಿಜಯಪುರ ಜಿಲ್ಲೆ. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದವರು. ಇವನು ಹನ್ನೊಂದನೇ ವಯಸ್ಸಿಗೆ ಬಂದು, ಹದಿನಾಲ್ಕಕ್ಕೆ ಗ್ಯಾರೇಜು ಸೇರಿದ್ದ. ಒಂಬತ್ತು ವರ್ಷದ ಅನುಭವ.

"ತಿಳೀತೇನೋ ತಮ್ಮಾ?" ಅಂದೆ.

"ತಿಳಿದಂಗ ಆಗತೈತ್ರಿ ಸರ್. ಆದ್ರ ಟಾರ್ಕ್ ಬ್ಯಾರೆ, ಹಾರ್ಸ್‌ಪವರ್ ಬ್ಯಾರೆ ಅಂದ್ರಲ್ಲ, ಯಾಕ ಬ್ಯಾರೆ ಅಂತ ತಿಳೀಲಿಲ್ಲ. ಕೇಳಿದ್ರ ನಗತಾರಂತ ಸುಮ್ಮನ ಕುಂತೆ."

ನೋಡಿ, ಹುಡುಗನಿಗೆ ಹಿಂದಿ ಚೆನ್ನಾಗಿ ಬರುತ್ತದೆ. ಮರಾಠಿ ನನಗಿಂತ ಚೆನ್ನಾಗಿ ಮಾತಾಡುತ್ತಾನೆ. ಗಿರಾಕಿಯ ಜೊತೆ ವ್ಯವಹಾರ ಮಾಡಲಿಕ್ಕೆ, ಸಾಮಾನು ತರಿಸಲಿಕ್ಕೆ, ಜಗಳಾಡಲಿಕ್ಕೆ ಕೂಡ ಅವಷ್ಟು ಸಾಕು. ಆದರೆ ಹನ್ನೊಂದು ಜನರ ಎದುರು ಎದ್ದು ನಿಂತು "ನನಗೆ ಇದು ತಿಳೀಲಿಲ್ಲ" ಅನ್ನಲಿಕ್ಕೆ ಸಾಲಲಿಲ್ಲ. ಸಂಘದ ಹಿರಿಯರು "ಆ ಹುಡುಗರಿಗೆ ಹಿಂದಿ ಬರ್ತದಲ್ಲ, ಕನ್ನಡದಲ್ಲೇ ಯಾಕೆ ಕಲಿಸಬೇಕು" ಎಂದು ಕೇಳಿದಾಗ ನಾನು ಹೇಳಿದ್ದು ಇದನ್ನೇ. ತಲೆ ಆಡಿಸಲಿಕ್ಕೆ ಯಾವ ಭಾಷೆಯಾದರೂ ನಡೆಯುತ್ತದೆ, ಸಂಶಯ ಕೇಳಲಿಕ್ಕೆ ನಡೆಯುವುದಿಲ್ಲ.

ಊಟದ ಹೊತ್ತಿನಲ್ಲಿ ನಾವು ಟಾರ್ಕನ್ನು ಬಿಡಿಸಿದೆವು. ಎರಿಮಣ್ಣಿನಲ್ಲಿ ಹೂತ ಜೋಳದ ಚೀಲದ ಬಂಡಿ ನೆನಪು ಮಾಡಿಕೊ ಎಂದೆ. ಎತ್ತು ಇದ್ದ ಬಲವನ್ನೆಲ್ಲ ಹಾಕಿ ಜಗ್ಗುತ್ತದೆ, ಗಾಲಿ ಅಲುಗುವುದಿಲ್ಲ. ಜಗ್ಗು ಇದೆ, ಕೆಲಸ ಇಲ್ಲ. ಅದೇ ಎತ್ತಿಗೆ ಕಾರಹುಣ್ಣಿಮೆ ದಿನ ಖಾಲಿ ಬಂಡಿ ಕಟ್ಟಿದರೆ ಓಡುತ್ತದೆ, ಜಗ್ಗುವುದೇನೂ ಇಲ್ಲ. ಜಗ್ಗೂ ಇರಬೇಕು, ಹೆಜ್ಜೆಯೂ ಬೀಳಬೇಕು, ಎರಡನ್ನೂ ಗುಣಿಸಿದರೆ ಬರುವುದು ಶಕ್ತಿ. ಹುಡುಗ ರೊಟ್ಟಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಅಂದ್ರ ಜಗ್ಗೂದು ಟಾರ್ಕ್, ಸುತ್ತೂದು ಆರ್‌ಪಿಎಂ, ಎರಡೂ ಕೂಡಿದ್ರ ಹಾರ್ಸ್‌ಪವರ್. ಹಿಂಗೇನ್ರಿ?" ಎಂದ. ಹಿಂಗೇ. ಜೇಮ್ಸ್ ವಾಟ್ ಕೂಡ ಕುದುರೆಯನ್ನೇ ಲೆಕ್ಕಕ್ಕೆ ಹಿಡಿದಿದ್ದು. ನಿಮಿಷಕ್ಕೆ 33,000 ಅಡಿ-ಪೌಂಡು ಕೆಲಸವನ್ನು ಒಂದು ಕುದುರೆಯ ಶಕ್ತಿ ಎಂದು ಕಟ್ಟಿದ. ನಾವು ಅದನ್ನು ಎತ್ತಿಗೆ ಇಳಿಸಿದರೆ ವಿಜ್ಞಾನಕ್ಕೆ ಅಪಚಾರವಾಗುವುದಿಲ್ಲ.

ಆಮೇಲೆ ಲೆಕ್ಕ. ಟಾರ್ಕನ್ನು ನ್ಯೂಟನ್ ಮೀಟರಿನಲ್ಲಿ ತೆಗೆದುಕೊಂಡು, ನಿಮಿಷದ ಸುತ್ತಿನಿಂದ ಗುಣಿಸಿ, 9,549ರಿಂದ ಭಾಗಿಸಿದರೆ ಕಿಲೋವ್ಯಾಟು ಸಿಗುತ್ತದೆ. ಒಂದು ಹಾರ್ಸ್‌ಪವರ್ ಎಂದರೆ 746 ವ್ಯಾಟು. ನನ್ನ ಹಳೆಯ ಎಸ್ಟೀಮ್ ಕಾರನ್ನೇ ಮೊದಲ ದಿನ ರೋಲರಿಗೆ ಏರಿಸಿದ್ದೆವು. 3,000 ಸುತ್ತಿನಲ್ಲಿ ಟಾರ್ಕು 90, ಶಕ್ತಿ 38 ಹಾರ್ಸ್‌ಪವರ್. 6,000ದಲ್ಲಿ ಟಾರ್ಕು 80ಕ್ಕೆ ಇಳಿದಿತ್ತು, ಶಕ್ತಿ 67ಕ್ಕೆ ಏರಿತ್ತು. ಜಗ್ಗು ಕಡಿಮೆಯಾದರೂ ಹೆಜ್ಜೆ ದುಪ್ಪಟ್ಟಾಯಿತಲ್ಲ! ಹುಡುಗ ಮೊಬೈಲಿನಲ್ಲಿ ತಾನೇ ಗುಣಿಸಿ ಭಾಗಿಸಿ ನೋಡಿದ. ಲೆಕ್ಕ ಕೂಡಿತು. ಒಂಬತ್ತು ವರ್ಷದಿಂದ ಅವನ ಕೈಗೆ ಗೊತ್ತಿದ್ದದ್ದು ಈಗ ಅವನ ಬಾಯಿಗೆ ಬಂತು.

ಅವನೇ ಮತ್ತೆ ಕೇಳಿದ: "ಕಂಪನಿಯವರು 85 ಅಂತಾರ, ಇಲ್ಲಿ 67 ಬಂತು. ಉಳಿದ 18 ಎಲ್ಲಿ ಹೋತ್ರಿ?" ಇದು ನನ್ನ ಪ್ರಾಂತ್ಯ. ಕಂಪನಿ ಹೇಳುವುದು ಎಂಜಿನ್ನಿನ ಬಾಯಲ್ಲಿ ಅಳೆದ ಅಂಕಿ, ಅದು ಒಟ್ಟು ಲಾಭ. ಗೇರ್‌ಬಾಕ್ಸು, ಆಕ್ಸಲ್ಲು, ಟೈರು ತಮ್ಮ ತಮ್ಮ ಪಾಲು ಮುರಿದುಕೊಂಡು, ಮುದಿತನದ ಸವಕಳಿಯೂ ಕಳೆದು, ರೋಲರಿಗೆ ಮುಟ್ಟುವುದು ನಿವ್ವಳ. ಎಂ.ಕಾಂ. ಓದಿದ್ದಕ್ಕೆ ಕೊನೆಗೂ ಒಂದು ಉಪಯೋಗವಾಯಿತು.

ಎರಡನೆಯ ದಿನದ ಪಾಠ ನಿಜವಾದ ಪಾಠ. ಈಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಎಷ್ಟು ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು ಎನ್ನುವುದನ್ನು ಇಸಿಯು ಎಂಬ ಪುಟ್ಟ ಕಂಪ್ಯೂಟರು ನಿರ್ಧರಿಸುತ್ತದೆ. ಅದರೊಳಗೆ ಇರುವುದು ಕೋಷ್ಟಕ, ನಮ್ಮ ಹಳೆಯ ಲೆಡ್ಜರಿನ ಹಾಗೆ: ಒಂದು ಕಡೆ ಸುತ್ತು, ಇನ್ನೊಂದು ಕಡೆ ಎಂಜಿನ್ನಿನ ಮೇಲಿನ ಹೊರೆ, ನಡುವೆ ಚೌಕ ಚೌಕವಾಗಿ ಅಂಕಿ. ಪೆಟ್ರೋಲು ಪೂರ್ತಿ ಉರಿಯಲಿಕ್ಕೆ ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಪೂರ್ತಿ ಶಕ್ತಿ ಬೇಕೆಂದಾಗ ಪೆಟ್ರೋಲು ಸ್ವಲ್ಪ ಕೈ ಬಿಚ್ಚಿ, ಸುಮಾರು 12.5ರಿಂದ 13ಕ್ಕೆ ಒಂದರಂತೆ ಕೊಡುತ್ತಾರೆ. ಇದು ಎಲ್ಲರಿಗೂ ಬೇಗ ತಿಳಿಯಿತು. ಕಷ್ಟವಾದದ್ದು ಕಿಡಿಯ ಹೊತ್ತು. ಪಿಸ್ಟನ್ನು ಇನ್ನೂ ಮೇಲೆ ಬರುತ್ತಿರುವಾಗಲೇ ಕಿಡಿ ಹಾರಿಸುತ್ತಾರೆ, ಏಕೆಂದರೆ ಉರಿ ಹಬ್ಬಲಿಕ್ಕೆ ವೇಳೆ ಬೇಕು. ಒತ್ತಡ ಶಿಖರಕ್ಕೆ ಬರುವುದು ಪಿಸ್ಟನ್ನು ತುದಿ ಮುಟ್ಟಿ ಕೆಳಗೆ ತಿರುಗಿದ ಸ್ವಲ್ಪ ಹೊತ್ತಿಗೆ ಇರಬೇಕು. ಬೇಗನೆ ಬಂದರೆ ಮೇಲೇರುವ ಪಿಸ್ಟನ್ನಿನ ತಲೆಗೆ ಹೊಡೆದ ಹಾಗೆ. ತಡವಾದರೆ ಉರಿ ಸೈಲೆನ್ಸರಿನ ಪಾಲು. ಎಂಜಿನಿಯರಿಂಗ್ ಹುಡುಗರು ಕೋನ, ಡಿಗ್ರಿ ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ಇಂಡಿಯ ಹುಡುಗ ನನ್ನ ಕಿವಿಯಲ್ಲಿ, "ಕಾಕಾ, ಪಂಚಮಿ ಜೋಕಾಲಿ ಹಂಗ. ಹೊಳ್ಳಿ ಬರೂವಾಗ ನೂಕಿದ್ರ ಕೈ ಮುರೀತೈತಿ, ದೂರ ಹೋದ ಮ್ಯಾಲ ನೂಕಿದ್ರ ಗಾಳಿ ನೂಕಿದಂಗ" ಎಂದ. ಅಷ್ಟರಲ್ಲಿ ನಾನು ಸರ್‌ನಿಂದ ಕಾಕಾ ಆಗಿದ್ದೆ.

ನಾಗರಪಂಚಮಿಯ ಜೋಕಾಲಿ ಜೀಕದವರಿಗೆ ಈ ಹೋಲಿಕೆ ಹೊಳೆಯುತ್ತಿರಲಿಲ್ಲ. ನಾನು ಅದನ್ನು ಇಂಗ್ಲಿಷಿನಲ್ಲಿ ಕಲಿಸುವವರಿಗೆ ಹೇಳಿದೆ. ಅವರು ನಕ್ಕು ಬೋರ್ಡಿನ ಮೇಲೆ ಜೋಕಾಲಿಯ ಚಿತ್ರ ಬಿಡಿಸಿದರು. ಈಗ ಹೇಳಿ, ಸಂಸ್ಕೃತಿ ಎಲ್ಲಿತ್ತು? ಸಂಘದ ವೇದಿಕೆಯ ಮೇಲೆ ಥರ್ಮಾಕೋಲಿನ ಹಂಪಿ ರಥದ ಹಿಂದೆ ಇತ್ತೋ, ಆ ತಗಡಿನ ಶೆಡ್ಡಿನಲ್ಲಿ ಇತ್ತೋ?

ಮೂರನೆಯ ದಿನ ಹುಡುಗನ ಸರದಿ. ಎಡ್ಡಿ ಕರೆಂಟ್ ಬ್ರೇಕು ಇರುವ ಡೈನೋದಲ್ಲಿ ಎಂಜಿನ್ನನ್ನು ಬೇಕಾದ ಸುತ್ತಿನಲ್ಲಿ ಕಟ್ಟಿಹಾಕಿ ನಿಲ್ಲಿಸಬಹುದು. ಹಾಗೆ ಒಂದೊಂದೇ ಚೌಕಕ್ಕೆ ನಿಲ್ಲಿಸಿ, ಕಿಡಿಯನ್ನು ಒಂದೊಂದೇ ಡಿಗ್ರಿ ಮುಂದೆ ಸರಿಸುತ್ತ ಟಾರ್ಕು ನೋಡಬೇಕು. ಏರುವಷ್ಟು ಹೊತ್ತು ಸರಿಸಬೇಕು, ಏರುವುದು ನಿಂತ ಕಡೆ ಕೈ ನಿಲ್ಲಿಸಬೇಕು. ಅದಕ್ಕೆ ಮೊದಲೇ ಎಂಜಿನ್ ಕುಟ್ಟಲಿಕ್ಕೆ ಶುರುಮಾಡಿದರೆ ಹಿಂದೆ ಸರಿಯಬೇಕು. ಹೆಡ್‌ಫೋನು ಹಾಕಿಕೊಂಡು ಕುಟ್ಟುವ ಸದ್ದನ್ನು ಕೇಳಿಸಿಕೊಳ್ಳುವ ಕೆಲಸದಲ್ಲಿ ಸಾಫ್ಟ್‌ವೇರಿನ ಹುಡುಗರು ಗೊಂದಲಪಟ್ಟರು. ಇವನು ಮೊದಲ ಸಲಕ್ಕೇ ಕೈ ಎತ್ತಿದ. ಒಂಬತ್ತು ವರ್ಷದಿಂದ ಕೇಳಿದ ಸದ್ದು ಅದು. ಎಲ್ಲಿ ನಿಲ್ಲಬೇಕು ಎಂಬುದು ಅವನಿಗೆ ತಿಳಿದಿತ್ತು. ಶಕ್ತಿ ಸಿಗದಿದ್ದರೂ ಮುಂದೆ ಸರಿಸುವ ಚಟ ಇನ್ನುಳಿದವರಿಗಿತ್ತು. ಇಂಥ ಚಟವನ್ನು ನಾನು ಸಾಲಗಾರರಲ್ಲಿ ಬಹಳ ಕಂಡಿದ್ದೇನೆ.

ಈ ವಿದ್ಯೆಯಲ್ಲಿ ಠಕ್ಕೂ ಇದೆ, ಅದನ್ನು ಮುಚ್ಚಿಡಲಾರೆ. ಗಾಳಿಯ ಒತ್ತಡ, ಉಷ್ಣತೆ ಬದಲಾದರೆ ಎಂಜಿನ್ನಿನ ಶಕ್ತಿಯೂ ಬದಲಾಗುತ್ತದೆ. ಸಮುದ್ರದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ಗಾಳಿ ತೆಳು, ಮುಂಬಯಿಯಲ್ಲಿ ದಟ್ಟ. ಅದಕ್ಕೆಂದೇ ಅಂಕಿಗಳನ್ನು ಒಂದು ಸಮಾನ ಮಟ್ಟಕ್ಕೆ ತರುವ ತಿದ್ದುಪಡಿಯ ಸೂತ್ರಗಳಿವೆ. ಎಸ್‌ಎಇಯ ಒಂದು ಮಾನದಂಡದಲ್ಲಿ 25 ಡಿಗ್ರಿ ಉಷ್ಣತೆ, 99 ಕಿಲೋಪಾಸ್ಕಲ್ ಒತ್ತಡ ಎಂದು ಹಿಡಿಯುತ್ತಾರೆ. ಆದರೆ ಉಷ್ಣತೆ ಅಳೆಯುವ ಸೆನ್ಸರನ್ನು ಬೇಕಂತಲೇ ಬಿಸಿ ಎಂಜಿನ್ನಿನ ಪಕ್ಕ ಇಟ್ಟರೆ, ಗಾಳಿ ಕಾದಿದೆ ಎಂದು ತಿಳಿದು ಕಂಪ್ಯೂಟರು ನಾಲ್ಕು ಕುದುರೆ ಹೆಚ್ಚಿಗೆ ಬರೆಯುತ್ತದೆ. ಮೊದಲ ಸಲ ತಣ್ಣಗಿನ ಎಂಜಿನ್, ಎರಡನೇ ಸಲ ಕಾದ ಎಂಜಿನ್, ಟೈರಿನ ಗಾಳಿ ಬೇರೆ ಬೇರೆ. ಗಿರಾಕಿಗೆ "ನೋಡಿ, ಏರಿತು" ಎಂದರಾಯಿತು. ಮಾರ್ಚ್ 31ರ ಸಂಜೆ ಒಂದು ದಿನದ ಮಟ್ಟಿಗೆ ಠೇವಣಿ ತಂದು ತುಂಬಿಸಿ, ಏಪ್ರಿಲ್ 1ಕ್ಕೆ ಹಿಂತಿರುಗಿಸುವ ಕಲೆ ಬಲ್ಲವರಿಗೆ ಇದೇನೂ ಹೊಸದಲ್ಲ.

ಇದೇ ಠಕ್ಕಿನ ದೊಡ್ಡ ರೂಪವನ್ನು 2015ರಲ್ಲಿ ಜಗತ್ತು ನೋಡಿತು. ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳ ಕಂಪ್ಯೂಟರಿಗೆ ತಾನು ರಸ್ತೆಯ ಮೇಲಿದ್ದೇನೋ ಪರೀಕ್ಷೆಯ ರೋಲರಿನ ಮೇಲಿದ್ದೇನೋ ಎಂದು ಗುರುತಿಸಲು ಕಲಿಸಿದ್ದರು. ರೋಲರಿನ ಮೇಲೆ ಸ್ಟೀರಿಂಗು ತಿರುಗುವುದಿಲ್ಲವಲ್ಲ, ಅದೂ ಒಂದು ಸುಳಿವು. ಪರೀಕ್ಷೆಯಲ್ಲಿ ಸಾಧು, ರಸ್ತೆಯಲ್ಲಿ ರಾಕ್ಷಸ. ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡು ಉಗುಳುತ್ತಿದ್ದವು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆ ವರ್ಷದ ಸೆಪ್ಟೆಂಬರ್ 18ರಂದು ನೋಟಿಸು ಕೊಟ್ಟಿತು. ಈ ಸುಳ್ಳಿಗೆ ಮೊದಲ ಸಾಕ್ಷ್ಯ ಸಿಕ್ಕಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡವೊಂದರಿಂದ. ಕಾರಿನ ಹಿಂದೆ ಅಳತೆಯ ಉಪಕರಣ ಹೇರಿಕೊಂಡು 2013ರಲ್ಲಿ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಾಡಿದವರು ಅವರು. ಆ ತಂಡದಲ್ಲಿದ್ದ ಹೇಮಂತ್ ಕಪ್ಪಣ್ಣ ನಮ್ಮ ಬೆಂಗಳೂರಿನವರು. ಪ್ರತಿ ನವೆಂಬರಿನಲ್ಲಿ ನಮ್ಮ ಸಂಘದ ವೇದಿಕೆಯಿಂದ ಸಾಧಕ ಕನ್ನಡಿಗರ ಹೆಸರುಗಳನ್ನು ಓದುತ್ತಾರೆ. ಈ ಹೆಸರನ್ನು ನಾನು ಅಲ್ಲಿ ಒಂದು ಸಲವೂ ಕೇಳಿಲ್ಲ. ಹೊಗೆಯ ಕೊಳವೆ ಹಿಡಿದವರು ಸಾಧಕರಲ್ಲವೇನೋ.

ಕಾರಿನ ಹುಚ್ಚಿನ ಶ್ರೀಮಂತ ಹುಡುಗರ ಪರ ವಕಾಲತ್ತು ನಾನು ಮಾಡುತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಸೈಲೆನ್ಸರಿನಿಂದ ಪಟಾಕಿ ಹಾರಿಸುತ್ತ ಹೋಗುವವರಿಗೆ ದಂಡ ಹಾಕಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ರೂಪವನ್ನು ಮನಬಂದಂತೆ ಬದಲಿಸಲಿಕ್ಕೆ ಬಿಡುವುದಿಲ್ಲ, 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆಯ ನಿಯಮಗಳೂ ಬಂದಿವೆ. ಅದೆಲ್ಲ ಸರಿ. ಆದರೆ ಡೈನೋ ಎನ್ನುವುದು ಶಕ್ತಿ ಹೆಚ್ಚಿಸುವ ಯಂತ್ರವಲ್ಲ, ಅಳೆಯುವ ಯಂತ್ರ. ವೈದ್ಯರ ಸ್ಟೆತಾಸ್ಕೋಪಿನ ಹಾಗೆ. ಇಂಜೆಕ್ಟರ್ ಕಟ್ಟಿದೆಯೋ, ಕ್ಲಚ್ಚು ಜಾರುತ್ತಿದೆಯೋ, ಪೆಟ್ರೋಲ್ ಪಂಪು ಸೋತಿದೆಯೋ ಎನ್ನುವುದು ಆ ಗೆರೆಯಲ್ಲಿ ಕಾಣುತ್ತದೆ. ಊಹೆಯಿಂದ ಒಂದೊಂದೇ ಬಿಡಿಭಾಗ ಬದಲಿಸಿ ಗಿರಾಕಿಯ ಜೇಬು ಬರಿದು ಮಾಡುವ ಮೆಕ್ಯಾನಿಕ್ಕಿಗೂ, ಅಳೆದು ನೋಡಿ ರೋಗ ಹೇಳುವ ಮೆಕ್ಯಾನಿಕ್ಕಿಗೂ ಸಂಬಳದಲ್ಲಿ ಎರಡು ಪಟ್ಟು ವ್ಯತ್ಯಾಸ ಇದೆ ಎಂದು ಗ್ಯಾರೇಜ್ ಮಾಲೀಕನ ಮಗನೇ ಹೇಳಿದ. ಎರಡು ಪಟ್ಟು ಎಂದರೆ ಆ ಹುಡುಗರ ಮನೆಯಲ್ಲಿ ತಂಗಿಯ ಓದು ನಿಲ್ಲದೆ ಮುಂದುವರಿಯುತ್ತದೆ.

ಇನ್ನು ನಮ್ಮ ಹಿರಿಯರ "ಎಂಥೆಂಥವರು". ಯಾರು ಅವರು? ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳಿಂದ ಬಂದು ಪುಣೆಯ ಕಟ್ಟಡಗಳನ್ನು ಕಟ್ಟಿದವರು, ರಸ್ತೆ ಅಗೆದವರು. ಅವರ ಮಕ್ಕಳು. ನಮ್ಮ ಸಂಘಗಳ ಪ್ರತಿ ಸಭೆಯಲ್ಲೂ ಒಂದು ಅಳು ಇದ್ದೇ ಇರುತ್ತದೆ: ಹೊರನಾಡಿನಲ್ಲಿ ಕನ್ನಡ ಉಳಿಯುತ್ತಿಲ್ಲ, ನಮ್ಮ ಮಕ್ಕಳು ಕನ್ನಡ ಮಾತಾಡುವುದಿಲ್ಲ. ನಿಮ್ಮ ಮಕ್ಕಳು ಮಾತಾಡುವುದಿಲ್ಲ, ನಿಜ. ನನ್ನ ಮಗಳೂ ತನ್ನ ಮಕ್ಕಳ ಜೊತೆ ಇಂಗ್ಲಿಷನ್ನೇ ಆಡುತ್ತಾಳೆ. ಆದರೆ ವಾರಜೆ, ಕಾತ್ರಜ, ಭೋಸರಿಗಳಲ್ಲಿ ಬೆಳಗಿನ ಆರಕ್ಕೆ ಕೂಲಿಗೆ ನಿಂತವರ ನಡುವೆ ಒಂದು ಸಲ ಹೋಗಿ ನಿಲ್ಲಿ. ಕನ್ನಡ ಸತ್ತಿದೆಯೋ ಬದುಕಿದೆಯೋ ಕಿವಿಗೆ ತಿಳಿಯುತ್ತದೆ. ಆ ಕನ್ನಡ ನಿಮ್ಮ ಸದಸ್ಯತ್ವದ ಪಟ್ಟಿಯಲ್ಲಿ ಇಲ್ಲ, ಅಷ್ಟೇ. ವಾರ್ಷಿಕ ವರ್ಗಣಿ ಕೊಡುವ ಕನ್ನಡವನ್ನು ಮಾತ್ರ ಎಣಿಸಿ, ಎಣಿಕೆ ಕಡಿಮೆಯಾಯಿತು ಎಂದು ಕಣ್ಣೀರು ಹಾಕುವುದು ಎಂಥ ಲೆಕ್ಕ ಸ್ವಾಮಿ? ಯಾವ ಆಡಿಟರ್ ಇದಕ್ಕೆ ಸಹಿ ಹಾಕುತ್ತಾನೆ?

ನಮ್ಮ ಹಿಂದಿನವರು ಹೀಗಿರಲಿಲ್ಲ. ಮುಂಬಯಿಯಲ್ಲಿ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ತುಳುನಾಡಿನ, ಕನ್ನಡನಾಡಿನ ಹುಡುಗರಿಗಾಗಿ ಹೊರನಾಡಿನ ಕನ್ನಡಿಗರು ರಾತ್ರಿ ಶಾಲೆಗಳನ್ನು ನಡೆಸಿದರು. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ ಅಂಥದ್ದು. ಹಗಲೆಲ್ಲ ಹೋಟೆಲು, ರಾತ್ರಿ ಕನ್ನಡದಲ್ಲಿ ಪಾಠ. ಅಲ್ಲಿ ಓದಿದವರು ಗುಮಾಸ್ತರಾದರು, ವಕೀಲರಾದರು, ಸ್ವಂತ ಹೋಟೆಲು ಹಾಕಿದರು. ನಾನು ಮುಂಬಯಿಯ ಶಾಖೆಯಲ್ಲಿದ್ದಾಗ ನನ್ನ ಮೇಲಿನ ಒಬ್ಬ ಅಧಿಕಾರಿ ಇಂಥ ಶಾಲೆಯಲ್ಲೇ ಎಸ್ಸೆಸ್ಸಿ ಮುಗಿಸಿದವರು. ಬಡ್ಡಿಯ ಲೆಕ್ಕ ಬಾಯಲ್ಲೇ ಹೇಳುತ್ತಿದ್ದರು. ಆ ಶಾಲೆ ಕಟ್ಟಿದ ಹಿರಿಯರು ಲೋಟ ತೊಳೆಯುವುದಕ್ಕೂ ಕನ್ನಡಕ್ಕೂ ಏನು ಸಂಬಂಧ ಎಂದು ಕೇಳಿದ್ದರೆ ಇವತ್ತು ಮುಂಬಯಿಯ ಕನ್ನಡ ಸಭೆಗಳ ಮುಂದಿನ ಸಾಲಿನಲ್ಲಿ ಕೂರುವವರಲ್ಲಿ ಅರ್ಧ ಜನ ಇರುತ್ತಿರಲಿಲ್ಲ.

ಕನ್ನಡದಲ್ಲಿ ಈ ವಿಷಯಕ್ಕೆ ಪದಗಳೇ ಇಲ್ಲ ಎಂದು ಒಬ್ಬ ಪ್ರಾಧ್ಯಾಪಕ ಮಿತ್ರರು ಹೇಳಿದರು. ಇನ್ನೊಬ್ಬರು ಮರುದಿನವೇ ಟಾರ್ಕಿಗೆ, ಇಸಿಯುಗೆ, ಇಂಜೆಕ್ಟರಿಗೆ ಸಂಸ್ಕೃತದ ಉದ್ದುದ್ದ ಪದಗಳ ಪಟ್ಟಿ ಮಾಡಿ ತಂದರು. ಇಬ್ಬರಿಗೂ ಕೈ ಮುಗಿದೆ. ರೋಣದ ಶಾಖೆಯಲ್ಲಿ ನಾನು ರೈತರಿಗೆ ಓವರ್‌ಡ್ರಾಫ್ಟು, ಡಿಮ್ಯಾಂಡ್ ಡ್ರಾಫ್ಟು, ಮಾರ್ಜಿನ್ ಮನಿ ಎಲ್ಲವನ್ನೂ ಕನ್ನಡದಲ್ಲೇ ಹೇಳಿದವನು. ಪದ ಎಲ್ಲಿಯದಾದರೂ ಇರಲಿ, ವಾಕ್ಯ ನಮ್ಮದಿದ್ದರೆ ಸಾಕು. ಗೇರು, ಕ್ಲಚ್ಚು, ಪಂಚರು ನಮ್ಮ ಪದಗಳಾಗಿ ಎಷ್ಟು ಕಾಲವಾಯಿತು! ಟಾರ್ಕಿಗೆ ಹುಡುಗರು ತಾವೇ 'ಜಗ್ಗು' ಎನ್ನುತ್ತಿದ್ದಾರೆ. ಅದನ್ನು ನಾನು ಹೇಳಿಕೊಟ್ಟದ್ದಲ್ಲ, ನಿಘಂಟಿಗೆ ಸೇರಿಸಿ ಎಂದು ಅರ್ಜಿಯನ್ನೂ ಹಾಕುವುದಿಲ್ಲ.

ಇದೇ ಊರಿನ ಗುಡ್ಡದ ಮೇಲೆ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ 1966ರಿಂದ ದೇಶದ ಗಾಡಿಗಳನ್ನು ಪರೀಕ್ಷಿಸುತ್ತ ಕೂತಿದೆ. ಬೆಟ್ಟದ ಬುಡದಲ್ಲಿ ನಮ್ಮ ಜನ ಬೆಳಗಿನ ವಾಕಿಂಗ್ ಮಾಡುತ್ತಾರೆ. ಮೋಟಾರು ಗಾಡಿಯಿಂದ ಅನ್ನ ತಿನ್ನುವ ಊರಿನಲ್ಲಿ ಅರ್ಧ ಶತಮಾನ ಬಾಳಿದ ಮೇಲೂ ಗಾಡಿಯ ಬಾನೆಟ್ಟು ಎತ್ತುವವನನ್ನು ಕಂಡರೆ ನಮಗೆ ಮಡಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಪ್ರಬಂಧ ಸ್ಪರ್ಧೆಗೆ ವಿಷಯವಾಗಿ ಕೊಡುತ್ತೇವೆ. ಗ್ರೀಸು ಹತ್ತಿದ ಕೈಯನ್ನು ಸಭಾಂಗಣದ ಬಾಗಿಲಲ್ಲಿ ತಡೆಯುತ್ತೇವೆ.

ಸಭಾಂಗಣ ಸಿಗದಿದ್ದರೂ ಪಾಠ ನಿಲ್ಲಲಿಲ್ಲ. ನಮ್ಮ ಸೊಸೈಟಿಯ ಸೆಕ್ರೆಟರಿ ಮರಾಠಿ ಗೃಹಸ್ಥರು. ಪಾರ್ಕಿಂಗಿನ ಮೂಲೆಯಲ್ಲಿ ಭಾನುವಾರ ಎರಡು ತಾಸು ಕೂತುಕೊಳ್ಳಲೇ ಎಂದು ಕೇಳಿದಾಗ, "ಎಣ್ಣೆ ಚೆಲ್ಲಬೇಡಿ, ಹನ್ನೆರಡರೊಳಗೆ ಮುಗಿಸಿ" ಎಂದಷ್ಟೇ ಹೇಳಿದರು. ಯಾವ ಭಾಷೆಯಲ್ಲಿ, ಎಂಥವರಿಗೆ ಎಂದು ಕೇಳಲಿಲ್ಲ. ಮೊದಲ ವಾರ ಇಂಡಿಯ ಹುಡುಗ ಇಬ್ಬರನ್ನು ಕರೆತಂದ, ಈಗ ಒಂಬತ್ತು ಜನ ಬರುತ್ತಾರೆ. ಅಫಜಲಪುರದವನೊಬ್ಬ, ಸಿಂದಗಿಯವರು ಇಬ್ಬರು, ಒಬ್ಬ ಅಕ್ಕಲಕೋಟೆಯವನು. ಅವನ ಶಾಲೆ ಮರಾಠಿ, ಮನೆಮಾತು ಕನ್ನಡ. ಡೈನೋ ಇಲ್ಲ, ಆದರೆ ಗ್ರಾಫಿನ ಪ್ರಿಂಟುಗಳಿವೆ, ಒಂದು ಸ್ಕ್ಯಾನರ್ ಇದೆ, ನನ್ನ ಎಸ್ಟೀಮ್ ಇದೆ. ಗೆರೆ ಯಾಕೆ ಇಲ್ಲಿ ತಗ್ಗಿತು, ಯಾಕೆ ಅಲ್ಲಿ ನಡುಗಿತು ಎಂದು ಅವರವರೇ ವಾದ ಮಾಡುತ್ತಾರೆ. ಹೋದ ತಿಂಗಳು ಒಬ್ಬ ತನ್ನ ಗ್ಯಾರೇಜಿಗೆ ಬಂದ ಕಾರಿನ ಗ್ರಾಫನ್ನು ಮೊಬೈಲಿನಲ್ಲಿ ಹಿಡಿದು ತಂದು, ಮೇಲಿನ ಸುತ್ತಿನಲ್ಲಿ ಮಿಶ್ರಣ ತೆಳುವಾಗುತ್ತಿದೆ, ಪಂಪಿನದೇ ದೋಷ ಎಂದು ತಾನೇ ಹೇಳಿದ. ಪಂಪು ಬಿಚ್ಚಿ ನೋಡಿದರೆ ಅದೇ. ಮಾಲೀಕ ಆ ತಿಂಗಳಿಂದ ಸಂಬಳಕ್ಕೆ ಸಾವಿರದೈನೂರು ಸೇರಿಸಿದ್ದಾನೆ.

ಎಲೆಕ್ಟ್ರಿಕ್ ಗಾಡಿ ಬಂದ ಮೇಲೆ ಈ ವಿದ್ಯೆಗೆ ಬೆಲೆ ಇಲ್ಲ ಎನ್ನುವವರಿಗೆ ಹುಡುಗರೇ ಉತ್ತರ ಹುಡುಕುತ್ತಿದ್ದಾರೆ. ಬ್ಯಾಟರಿಯ ಗಾಡಿಯನ್ನೂ ರೋಲರಿನ ಮೇಲೆಯೇ ಅಳೆಯುತ್ತಾರೆ. ಕಿಡಿ ಇಲ್ಲ, ಪೆಟ್ರೋಲಿಲ್ಲ, ಆದರೆ ಜಗ್ಗು ಮತ್ತು ಸುತ್ತು ಇದ್ದೇ ಇವೆ. ಕಳೆದ ಭಾನುವಾರ ಅಕ್ಕಲಕೋಟೆಯವನು ಎದ್ದು ನಿಂತು, "ಕಾಕಾ, ಕರೆಂಟಿನ ಮೋಟಾರು ನಿಂತ ಜಾಗಾದಿಂದನ ಪೂರ್ತಿ ಜಗ್ಗತೈತಂತ, ಅದಕ್ಕ ಗೇರ್‌ಬಾಕ್ಸ ಬ್ಯಾಡಂತ. ಹೆಂಗ ಅದು?" ಎಂದು ಕೇಳಿದ. ಮುಂದಿನ ವಾರದ ಪಾಠ ಅದು. ನಾನು ಓದುತ್ತಿದ್ದೇನೆ.